ರೀಲು ಅವರದು, ದಾರಿ ಬೇರೆಯವರದು

2024ರ ಜುಲೈ 26ರ ಸಂಜೆ ಪ್ಯಾರಿಸ್‌ನಲ್ಲಿ ಜೋರು ಮಳೆ. ಒಲಿಂಪಿಕ್ಸ್ ಉದ್ಘಾಟನೆ ಸೇನ್ ನದಿಯ ಮೇಲೆ ನಡೆಯುತ್ತಿತ್ತು. ನಡುವೆ ಹತ್ತು ಫ್ರೆಂಚ್ ಮಹಿಳೆಯರ ಚಿನ್ನದ ಬಣ್ಣದ ಪ್ರತಿಮೆಗಳು ಒಂದೊಂದಾಗಿ ಮೇಲೆದ್ದವು. ಅದರಲ್ಲಿ ಒಂದು ಆಲಿಸ್ ಗೀ ಅವರದು. ಟೀವಿ ಮುಂದೆ ಕೂತಿದ್ದ ಎಷ್ಟೋ ಜನ ಫೋನು ತೆಗೆದು 'ಯಾರಪ್ಪಾ ಇವರು' ಅಂತ ಹುಡುಕಿರಬೇಕು.

ಜಗತ್ತಿನ ಮೊದಲ ಮಹಿಳಾ ಸಿನಿಮಾ ನಿರ್ದೇಶಕಿ ಇವರು. 1896ರಲ್ಲಿ ಲಿಯೋನ್ ಗೋಮೋ ಅವರ ಕ್ಯಾಮೆರಾ ಕಂಪನಿಯಲ್ಲಿ ಸೆಕ್ರೆಟರಿ ಆಗಿದ್ದಾಗಲೇ ಮೊದಲ ಕಥಾಚಿತ್ರ ತೆಗೆದರು. ಆಮೇಲೆ ಅಮೆರಿಕಕ್ಕೆ ಹೋಗಿ 1910ರಲ್ಲಿ ಸೋಲಾಕ್ಸ್ ಅನ್ನುವ ಸ್ವಂತ ಕಂಪನಿ ಕಟ್ಟಿದರು. ಚಿಕ್ಕದು ದೊಡ್ಡದು ಎಲ್ಲ ಸೇರಿ ಸುಮಾರು ಸಾವಿರ ಸಿನಿಮಾ. ಹೀಗಿದ್ದವರು 1927ರಲ್ಲಿ ವಾಷಿಂಗ್ಟನ್‌ನ ಲೈಬ್ರರಿ ಆಫ್ ಕಾಂಗ್ರೆಸ್‌ಗೆ ಹೋಗಿ, ನಾನು ಮಾಡಿದ ಸಿನಿಮಾ ಏನಾದರೂ ನಿಮ್ಮಲ್ಲಿ ಉಳಿದಿದೆಯಾ ಅಂತ ಹುಡುಕಿದರು. ಸಿಗಲಿಲ್ಲ. ಊರಿಗೆ ಮರಳಿ ಫ್ರಾನ್ಸ್‌ನಲ್ಲಿ ಮತ್ತೆ ಕೆಲಸ ಕೇಳಬೇಕು, ಆದರೆ 'ಇಗೋ ನೋಡಿ, ಇದು ನನ್ನ ಕೆಲಸ' ಎಂದು ತೋರಿಸಲು ಒಂದು ರೀಲೂ ಕೈಯಲ್ಲಿಲ್ಲ. 1920ರ ನಂತರ ಅವರು ಸಿನಿಮಾ ಮಾಡಲೇ ಇಲ್ಲ. ತೀರಿಕೊಂಡದ್ದು 1968ರಲ್ಲಿ.

ಈಗ ಇಂಥವರನ್ನು ಹುಡುಕಿ ಹುಡುಕಿ ನೆನೆಯುವ ಕಾಲ ಬಂದಿದೆ. 2025ರಲ್ಲಿ ಭಾರತೀಯ ಸಿನಿಮಾದ ಪಿತಾಮಹ ಅನ್ನಿಸಿಕೊಂಡ ದಾದಾಸಾಹೇಬ್ ಫಾಲ್ಕೆ ಬಗ್ಗೆ ಒಂದಲ್ಲ, ಎರಡು ದೊಡ್ಡ ಸಿನಿಮಾಗಳ ಸುದ್ದಿ ಬಂತು. ಒಂದು ಆಮೀರ್ ಖಾನ್ ಮತ್ತು ರಾಜಕುಮಾರ್ ಹಿರಾನಿ ಜೋಡಿಯದು, ಇನ್ನೊಂದಕ್ಕೆ ರಾಜಮೌಳಿ ಹೆಸರು. ಒಳ್ಳೆಯದೇ. ಆದರೆ ನೆನೆಯುವಾಗ ನಾವು ಕೇಳದೇ ಬಿಡುವ ಒಂದು ಪ್ರಶ್ನೆ ಇದೆ. ಇವರೆಲ್ಲ ಯಾಕೆ ಇಷ್ಟು ಬೇಗ ಮುಗಿದುಹೋದರು?

ಸಿನಿಮಾ ಗೊತ್ತಿರುವ ಯಾರನ್ನು ಕೇಳಿದರೂ ಒಂದೇ ಉತ್ತರ: ಮಾತು ಬಂತು, ಮೂಕಿಯವರು ಮೂಲೆ ಸೇರಿದರು. ಕೇಳಲಿಕ್ಕೆ ಸರಿಯಾಗಿಯೇ ಇದೆ. ನಾನೂ ಬಹಳ ದಿನ ಅದನ್ನೇ ನಂಬಿದ್ದೆ. ಆದರೆ ಇಸವಿಗಳನ್ನು ಎದುರಿಗೆ ಇಟ್ಟುಕೊಂಡರೆ ಲೆಕ್ಕ ಕೂಡುವುದಿಲ್ಲ. ಅಮೆರಿಕದಲ್ಲಿ ಮಾತಿನ ಸಿನಿಮಾ ಗೆದ್ದದ್ದು 1927ರಲ್ಲಿ. ನಮ್ಮಲ್ಲಿ ಮೊದಲ ಟಾಕಿ 'ಆಲಂ ಆರಾ' ಬಂದದ್ದು 1931ರ ಮಾರ್ಚ್ 14ಕ್ಕೆ, ಕನ್ನಡದ 'ಸತಿ ಸುಲೋಚನಾ' 1934ರ ಮಾರ್ಚ್ 3ಕ್ಕೆ. ಅತ್ತ ಫ್ರಾನ್ಸಿನ ಸಿನಿಮಾ ಜಾದೂಗಾರ ಜಾರ್ಜ್ ಮೆಲಿಯೆಸ್ 1913ರ ಹೊತ್ತಿಗೇ ಕೈ ಚೆಲ್ಲಿಯಾಗಿತ್ತು. ಆಲಿಸ್ 1920ಕ್ಕೆ ನಿಲ್ಲಿಸಿದರು. ಕೋಲ್ಕತ್ತದ ಹೀರಾಲಾಲ್ ಸೇನ್ 1917ರಲ್ಲೇ ತೀರಿಕೊಂಡರು. ಮದ್ರಾಸಿನ ನಟರಾಜ ಮುದಲಿಯಾರ್ 1923ಕ್ಕೆ ಸಿನಿಮಾ ಕೆಲಸ ಮುಚ್ಚಿದರು. ಫಾಲ್ಕೆ ತಮ್ಮದೇ ಕಂಪನಿ ಬಿಟ್ಟು ಎದ್ದು ಹೋದದ್ದು 1919ರಲ್ಲಿ. ಕೊಲೆಯಾದ ಮೇಲೆ ಊರಿಗೆ ಬಂದವನನ್ನು ಹಿಡಿದು ಕೊಲೆಗಾರ ಅಂದ ಹಾಗಾಯಿತು ಇದು. ಮಾತು ಬರುವ ಹೊತ್ತಿಗೆ ಮೊದಲ ತಲೆಮಾರಿನ ಬಹುತೇಕರು ಆಟದಲ್ಲೇ ಇರಲಿಲ್ಲ.

ಹಾಗಾದರೆ ಮುಳುಗಿಸಿದ್ದು ಯಾವುದು? ವ್ಯಾಪಾರದ ರೀತಿ ಬದಲಾದದ್ದು ಅನ್ನುತ್ತೇನೆ ನಾನು. ಇದಕ್ಕೆ ಮೆಲಿಯೆಸ್ ಕಥೆಗಿಂತ ಒಳ್ಳೆಯ ಸಾಕ್ಷಿ ಸಿಗಲಿಕ್ಕಿಲ್ಲ.

ಅವರು ಹುಟ್ಟಿದ್ದು 1861ರಲ್ಲಿ, ಪ್ಯಾರಿಸ್‌ನ ಶ್ರೀಮಂತ ಬೂಟು ತಯಾರಕರ ಮನೆಯಲ್ಲಿ. ಬೂಟಿನ ಸಹವಾಸ ಬೇಡ ಅಂತ ಜಾದೂ ಕಲಿತರು. 1888ರಲ್ಲಿ ಒಂದು ಜಾದೂ ಥಿಯೇಟರನ್ನೇ ಕೊಂಡರು. 1895ರ ಡಿಸೆಂಬರ್ 28ರಂದು ಲೂಮಿಯೇರ್ ಸಹೋದರರ ಮೊದಲ ಪ್ರದರ್ಶನ ನೋಡಿದವರಲ್ಲಿ ಇವರೂ ಒಬ್ಬರು. ಆ ಯಂತ್ರ ನನಗೂ ಕೊಡಿ ಅಂದರು, ಕೊಡಲಿಲ್ಲ. ಲಂಡನ್ನಿನಿಂದ ಬೇರೊಂದು ಯಂತ್ರ ತರಿಸಿ, ಅದನ್ನೇ ತಿದ್ದಿ ಕ್ಯಾಮೆರಾ ಮಾಡಿಕೊಂಡು, 500ಕ್ಕೂ ಹೆಚ್ಚು ಸಿನಿಮಾ ತೆಗೆದರು. ಚಂದ್ರನ ಕಣ್ಣಿಗೆ ರಾಕೆಟ್ ಚುಚ್ಚಿಕೊಳ್ಳುವ ಚಿತ್ರ ಎಲ್ಲರೂ ಎಲ್ಲೋ ಒಂದು ಕಡೆ ನೋಡಿರುತ್ತೀರಿ, ಅಲ್ವಾ? ಅದು 1902ರ ಅವರ 'ಚಂದ್ರಯಾತ್ರೆ'.

ಈಗ ವ್ಯಾಪಾರಕ್ಕೆ ಬರೋಣ. ಆಗ ಸಿನಿಮಾವನ್ನು ಬಟ್ಟೆಯ ಹಾಗೆ ಅಳತೆ ಲೆಕ್ಕದಲ್ಲಿ ಮಾರುತ್ತಿದ್ದರು. ಇಷ್ಟು ಮೀಟರ್‌ಗೆ ಇಷ್ಟು ದುಡ್ಡು. ಕೊಳ್ಳುವವರು ಜಾತ್ರೆ ಜಾತ್ರೆ ಸುತ್ತುವ ಟೆಂಟಿನವರು. ಪ್ರಿಂಟ್ ಒಮ್ಮೆ ಮಾರಿದರೆ ಮುಗಿಯಿತು. ಅವನು ಅದನ್ನು ನೂರು ಊರಲ್ಲಿ ತೋರಿಸಿ ದುಡ್ಡು ಬಾಚಿದರೂ ಮಾಡಿದವನಿಗೆ ಒಂದು ಕಾಸೂ ಬರುವುದಿಲ್ಲ. ಜೊತೆಗೆ ಕಳ್ಳತನ ಬೇರೆ. ಅಮೆರಿಕದಲ್ಲಿ ಎಡಿಸನ್ ಕಂಪನಿಯೂ ಸೇರಿ ಹಲವರು 'ಚಂದ್ರಯಾತ್ರೆ'ಯ ನಕಲು ತೆಗೆದು ಮಾರಿಕೊಂಡರು. ಇದನ್ನು ತಡೆಯಲು ಮೆಲಿಯೆಸ್ 1903ರಲ್ಲಿ ತಮ್ಮ ಅಣ್ಣನನ್ನು ನ್ಯೂಯಾರ್ಕಿಗೆ ಕಳಿಸಿ ಆಫೀಸು ತೆರೆದರು. ಅಲ್ಲಿಗೆ ಬೇರೆ ನೆಗೆಟಿವ್, ಅಂದರೆ ಪ್ರಿಂಟ್ ತೆಗೆಯುವ ಮೂಲ ಫಿಲ್ಮ್, ಬೇಕಲ್ಲ? ಒಂದೇ ದೃಶ್ಯವನ್ನು ಪಕ್ಕಪಕ್ಕದ ಎರಡು ಲೆನ್ಸಿನಲ್ಲಿ ಒಟ್ಟಿಗೆ ತೆಗೆಯತೊಡಗಿದರು. ಒಂದು ನೆಗೆಟಿವ್ ಪ್ಯಾರಿಸ್‌ಗೆ, ಒಂದು ನ್ಯೂಯಾರ್ಕ್‌ಗೆ. ನೂರು ವರ್ಷ ಕಳೆದ ಮೇಲೆ ಯಾರೋ ಎರಡನ್ನೂ ಜೋಡಿಸಿ ನೋಡಿದರೆ ಸಿನಿಮಾ ತ್ರೀಡಿಯಲ್ಲಿ ಕಂಡಿತು! ಕಳ್ಳರಿಗೆ ಹೆದರಿ ಮಾಡಿದ ಕೆಲಸ ನೋಡಿ.

ಅಷ್ಟರಲ್ಲಿ ಪಾಥೆ ಕಂಪನಿ ಎದ್ದಿತ್ತು. ಕ್ಯಾಮೆರಾ ಕಾರ್ಖಾನೆ ಅವರದೇ, ಸ್ಟುಡಿಯೋ ಅವರದೇ, ಟಾಕೀಸುಗಳೂ ಅವರ ಕೈಯಲ್ಲೇ. 1907ರಿಂದ ಅವರು ಪ್ರಿಂಟ್ ಮಾರುವುದನ್ನು ಬಿಟ್ಟು ಬಾಡಿಗೆಗೆ ಕೊಡಲು ಶುರುಮಾಡಿದರು. ಸಣ್ಣ ಬದಲಾವಣೆ ಅನ್ನಿಸಬಹುದು, ಆದರೆ ಇಲ್ಲೇ ಎಲ್ಲ ತಿರುಗಿದ್ದು. ಬಾಡಿಗೆ ಅಂದರೆ ಪ್ರಿಂಟ್ ಯಾವತ್ತೂ ಕಂಪನಿಯದೇ. ಪ್ರತಿ ಆಟಕ್ಕೂ ದುಡ್ಡು. ಆದರೆ ಬಾಡಿಗೆ ವ್ಯಾಪಾರಕ್ಕೆ ಊರೂರಿಗೆ ಏಜೆಂಟರು ಬೇಕು, ವಾರ ವಾರ ಹೊಸ ಸಿನಿಮಾ ಬೇಕು, ದುಡ್ಡು ವಾಪಸ್ ಬರುವವರೆಗೆ ತಡೆದುಕೊಳ್ಳುವ ಬಂಡವಾಳ ಬೇಕು. ಪರದೆ ಬರೆಯುವುದರಿಂದ ವೇಷ ಹಾಕುವವರೆಗೆ ಎಲ್ಲ ತಾನೇ ಮಾಡುತ್ತಿದ್ದ ಮೆಲಿಯೆಸ್ ಹತ್ತಿರ ಇದು ಯಾವುದೂ ಇರಲಿಲ್ಲ. ಗ್ರಾಹಕರಾಗಿದ್ದ ಜಾತ್ರೆಯ ಟೆಂಟಿನವರೂ ಕರಗುತ್ತಾ ಬಂದರು. 1911ರಲ್ಲಿ ಅದೇ ಪಾಥೆ ಹತ್ತಿರ ಮನೆ, ಸ್ಟುಡಿಯೋ ಅಡವಿಟ್ಟು ದುಡ್ಡು ತಂದರು. ತೆಗೆದ ಸಿನಿಮಾಗಳು ಓಡಲಿಲ್ಲ.

ಮುಂದಿನದನ್ನು ಬರೆಯಲಿಕ್ಕೇ ಒಂಥರಾ ಆಗುತ್ತದೆ. ಮೊದಲ ಮಹಾಯುದ್ಧದಲ್ಲಿ ಫ್ರೆಂಚ್ ಸೇನೆ ಅವರ ನೂರಾರು ಪ್ರಿಂಟ್‌ಗಳನ್ನು ಎತ್ತಿಕೊಂಡು ಹೋಗಿ ಕರಗಿಸಿತು. ಬೆಳ್ಳಿ ತೆಗೆದುಕೊಂಡು, ಉಳಿದ ಸೆಲ್ಯುಲಾಯ್ಡಿನಲ್ಲಿ ಸೈನಿಕರ ಬೂಟಿನ ಹಿಮ್ಮಡಿ ಮಾಡಿದರು. ಬೂಟಿನ ಮನೆಯಿಂದ ತಪ್ಪಿಸಿಕೊಂಡು ಬಂದವನ ಸಿನಿಮಾ ಕೊನೆಗೆ ಬೂಟಿನ ಹಿಮ್ಮಡಿಯಾಯಿತು. 1923ರಲ್ಲಿ ಸ್ಟುಡಿಯೋ ಕೈಬಿಟ್ಟಾಗ, ಇಡಲು ಜಾಗವಿಲ್ಲದೆ ಉಳಿದ ನೆಗೆಟಿವ್‌ಗಳಿಗೆ ತಾವೇ ಬೆಂಕಿ ಇಟ್ಟರು. ಆಮೇಲೆ ಹಲವು ವರ್ಷ ಹೆಂಡತಿಯ ಜೊತೆ ಮೋಂಪರ್ನಾಸ್ ರೈಲು ನಿಲ್ದಾಣದಲ್ಲಿ ಆಟಿಕೆ, ಮಿಠಾಯಿ ಮಾರಿದರು. ಪತ್ರಕರ್ತರು ಪತ್ತೆ ಹಚ್ಚಿದ ಮೇಲೆ 1929ರಲ್ಲಿ ದೊಡ್ಡ ಸನ್ಮಾನ, 1931ರಲ್ಲಿ ಸರ್ಕಾರದ ಬಿರುದು. ಅಂಗಡಿ ಮಾತ್ರ ಅದಾದ ಮೇಲೂ ನಡೆಸಬೇಕಾಯಿತು.

'ಅವರಿಗೆ ವ್ಯವಹಾರ ಗೊತ್ತಿರಲಿಲ್ಲ ಬಿಡಿ, ಕಲಾವಿದರು ಹಾಗೇ' ಅನ್ನುವ ಮಾತು ಇಲ್ಲಿ ಬಂದೇ ಬರುತ್ತದೆ. ನನಗೆ ಅದು ಒಪ್ಪಿಗೆಯಿಲ್ಲ. 1909ರಲ್ಲಿ ಪ್ಯಾರಿಸ್‌ನಲ್ಲಿ ಸಿನಿಮಾ ತಯಾರಕರ ಅಂತರರಾಷ್ಟ್ರೀಯ ಸಭೆ ನಡೆದಾಗ ಅಧ್ಯಕ್ಷರಾಗಿದ್ದವರು ಇದೇ ಮೆಲಿಯೆಸ್. ಗೊತ್ತಿತ್ತು. ಸಿನಿಮಾ ಜನರಿಗೆ ತಲುಪುವ ದಾರಿ ಅವರ ಕೈಯಲ್ಲಿರಲಿಲ್ಲ ಅಷ್ಟೇ. ಗೆದ್ದಲು ಹುತ್ತ ಕಟ್ಟಿದರೆ ಹಾವಿಗೆ ಮನೆಯಾಯಿತು ಅನ್ನುವ ಗಾದೆ ನಮ್ಮಲ್ಲಿ ಸುಮ್ನೆ ಹುಟ್ಟಿದ್ದಲ್ಲ.

ನಮ್ಮ ಫಾಲ್ಕೆ ಕಥೆಯನ್ನು ಇದರ ಪಕ್ಕ ಇಟ್ಟು ನೋಡಿ. ಮೊದಲರ್ಧ ಎಲ್ಲರಿಗೂ ಗೊತ್ತು. 1912ರಲ್ಲಿ ಲಂಡನ್ನಿಗೆ ಹೋಗಿ ಕ್ಯಾಮೆರಾ ತಂದರು. ದುಡ್ಡು ಕೊಡುವವರಿಗೆ ನಂಬಿಕೆ ಬರಬೇಕಲ್ಲ? ಕುಂಡದಲ್ಲಿ ಬಟಾಣಿ ಕಾಳು ಬಿತ್ತಿ ಅದರೆದುರು ಕ್ಯಾಮೆರಾ ನಿಲ್ಲಿಸಿದರು. ದಿನಕ್ಕೊಂದು ಚೂರು ಚಿತ್ರ. ತಿಂಗಳಿಗೂ ಹೆಚ್ಚು ಕಾಲ ಹೀಗೇ ನಡೆಯಿತು. ಎಲ್ಲ ಸೇರಿಸಿ ಓಡಿಸಿದರೆ ಒಂದೆರಡು ನಿಮಿಷದಲ್ಲಿ ಕಾಳು ಮೊಳೆತು, ಬಳ್ಳಿಯಾಗಿ ಏಳುತ್ತಿತ್ತು. ಅದನ್ನು ನೋಡಿ ಸಾಲ ಸಿಕ್ಕಿತು. ಹೆಂಡತಿ ಸರಸ್ವತಿಬಾಯಿ ಒಡವೆ ಕೊಟ್ಟರು ಅಂತ ಎಲ್ಲರೂ ಬರೆಯುತ್ತಾರೆ. ಅವರು ಮಾಡಿದ್ದು ಅಷ್ಟೇ ಅಲ್ಲ. ಆಗ ಕಚ್ಚಾ ಫಿಲ್ಮಿಗೆ ಅಂಚಿನ ತೂತು ಇರುತ್ತಿರಲಿಲ್ಲ. ಕತ್ತಲಲ್ಲಿ ಕೂತು ಅಡಿ ಅಡಿಗೂ ತೂತು ಹೊಡೆಯಬೇಕು. ತಪ್ಪಿದರೆ ಚಿತ್ರ ಕುಣಿಯುತ್ತದೆ. ಹಗಲೆಲ್ಲ ಅರವತ್ತು ಎಪ್ಪತ್ತು ಜನರ ತಂಡಕ್ಕೆ ಅಡುಗೆ ಮಾಡಿ, ರಾತ್ರಿ ಈ ಕೆಲಸ ಮಾಡುತ್ತಿದ್ದವರು ಅವರು. ಫಿಲ್ಮ್ ತೊಳೆಯುವುದೂ ಅವರೇ. 1913ರ ಮೇ 3ಕ್ಕೆ ಮುಂಬೈನ ಕಾರೊನೇಷನ್ ಚಿತ್ರಮಂದಿರದಲ್ಲಿ 'ರಾಜಾ ಹರಿಶ್ಚಂದ್ರ' ತೆರೆಕಂಡಿತು. ತಾರಾಮತಿ ಪಾತ್ರಕ್ಕೆ ಹೆಂಗಸರು ಯಾರೂ ಸಿಗದೆ, ಹೋಟೆಲಿನಲ್ಲಿ ಕೆಲಸಕ್ಕಿದ್ದ ಸಾಳುಂಕೆ ಎಂಬ ಹುಡುಗ ಸೀರೆ ಉಟ್ಟ.

ಸಿನಿಮಾಗಳೂ ಲೇಖನಗಳೂ ಇಲ್ಲೇ ನಿಂತುಬಿಡುತ್ತವೆ. ಗೆದ್ದರು, ಚಪ್ಪಾಳೆ, ಶುಭಂ. ಆದರೆ ಫಾಲ್ಕೆ ಅದಾದ ಮೇಲೆ 31 ವರ್ಷ ಬದುಕಿದ್ದರು. ಆ 31 ವರ್ಷವೇ ನನಗೆ ಜಾಸ್ತಿ ಮುಖ್ಯ ಅನ್ನಿಸುತ್ತದೆ. 1917ರ 'ಲಂಕಾ ದಹನ' ದುಡ್ಡಿನ ಮಳೆ ಸುರಿಸಿತು. ಮರುವರ್ಷ ಶ್ರೀಮಂತ ಪಾಲುದಾರರ ಜೊತೆ ನಾಸಿಕ್‌ನಲ್ಲಿ ಹಿಂದುಸ್ತಾನ್ ಸಿನಿಮಾ ಫಿಲ್ಮ್ಸ್ ಕಂಪನಿ ಶುರುವಾಯಿತು. ದುಡ್ಡು ಅವರದು, ಕೆಲಸ ಇವರದು. ಖರ್ಚು ಯಾಕೆ ಇಷ್ಟು, ಸಮಯ ಯಾಕೆ ಇಷ್ಟು ಎಂದು ಜಗಳ. 1919ರಲ್ಲಿ ಬೇಸತ್ತು ಕಾಶಿಗೆ ಹೋಗಿಬಿಟ್ಟರು. ಕೆಲವು ವರ್ಷಗಳ ಮೇಲೆ ಅದೇ ಕಂಪನಿಗೆ ಮರಳಿದರು. ಮಾಲೀಕರಾಗಿ ಅಲ್ಲ, ಕೆಲಸಗಾರರಾಗಿ ಅಂದರೂ ನಡೆಯುತ್ತದೆ. ಕೊನೆಯ ಸಿನಿಮಾ, ಅವರ ಒಂದೇ ಒಂದು ಟಾಕಿ, 1937ರ 'ಗಂಗಾವತರಣ'. 1944ರ ಫೆಬ್ರವರಿ 16ಕ್ಕೆ ನಾಸಿಕ್‌ನಲ್ಲಿ ತೀರಿಕೊಂಡಾಗ ಸಿನಿಮಾ ಲೋಕ ಅವರನ್ನು ಹೆಚ್ಚುಕಡಿಮೆ ಮರೆತಿತ್ತು. ಅವರ ಹೆಸರಿನ ಪ್ರಶಸ್ತಿ ಶುರುವಾದದ್ದು 1969ರಲ್ಲಿ. ನಮ್ಮ ರಾಜ್‌ಕುಮಾರ್ ಅವರಿಗೂ 1995ನೇ ಸಾಲಿನದು ಬಂತು.

ಅದೇ ಕಾಲದಲ್ಲಿ ದಾರಿ ಹಿಡಿದವರು ಯಾರು? ಕೋಲ್ಕತ್ತದ ಜೆ.ಎಫ್. ಮದನ್. 1902ರಲ್ಲಿ ಮೈದಾನದಲ್ಲಿ ಟೆಂಟು ಹಾಕಿ ಸಿನಿಮಾ ತೋರಿಸಲು ಶುರುಮಾಡಿದವರು. ಅವರ ಕಂಪನಿಯ ಹಿಡಿತದಲ್ಲಿ ಮುಂದೆ ನೂರಕ್ಕೂ ಹೆಚ್ಚು ಟಾಕೀಸುಗಳಿದ್ದವು. ಕೋಲ್ಕತ್ತದಲ್ಲೇ ಅವರಿಗಿಂತ ಮೊದಲು, 1898ರ ಹೊತ್ತಿಗೆ, ರಾಯಲ್ ಬಯೋಸ್ಕೋಪ್ ಕಂಪನಿ ಮಾಡಿ ಕ್ಯಾಮೆರಾ ಹಿಡಿದವರು ಹೀರಾಲಾಲ್ ಸೇನ್. 1905ರ ಬಂಗಾಳ ವಿಭಜನೆ ವಿರೋಧಿ ಸಭೆಯನ್ನೂ ಚಿತ್ರಿಸಿದ್ದರು. ಅವರ ಹತ್ತಿರ ಕ್ಯಾಮೆರಾ ಇತ್ತು, ಥಿಯೇಟರ್ ಇರಲಿಲ್ಲ. ಕೊನೆಗೆ ಕ್ಯಾಮೆರಾವೂ ಉಳಿಯಲಿಲ್ಲ. 1917ರ ಅಕ್ಟೋಬರ್‌ನಲ್ಲಿ ಅವರ ತಮ್ಮನ ಗೋದಾಮಿಗೆ ಬೆಂಕಿ ಬಿದ್ದು ಇದ್ದ ರೀಲೆಲ್ಲ ಬೂದಿಯಾಯಿತು. ಕೆಲವೇ ದಿನಗಳಲ್ಲಿ ಕ್ಯಾನ್ಸರ್‌ನಿಂದ ಅವರೂ ಹೋದರು.

ನಟರಾಜ ಮುದಲಿಯಾರ್ ಅವರದು ನಮಗೆ ಸ್ವಲ್ಪ ಹತ್ತಿರದ ಕಥೆ. ದಕ್ಷಿಣ ಭಾರತದ ಮೊದಲ ಕಥಾಚಿತ್ರ 'ಕೀಚಕ ವಧಂ' ತೆಗೆದವರು. ಮೊದಲು ಮೋಟಾರು ಬಿಡಿಭಾಗದ ವ್ಯಾಪಾರಿ. ಮದ್ರಾಸಿನ ಸೆಕೆಗೆ ಫಿಲ್ಮ್ ಕೆಡುತ್ತದೆ ಅಂತ ಲ್ಯಾಬನ್ನು ಬೆಂಗಳೂರಿನಲ್ಲಿ ಮಾಡಿದರು. ವಾರವೆಲ್ಲ ಅಲ್ಲಿ ಶೂಟಿಂಗ್, ವಾರದ ಕೊನೆಗೆ ಡಬ್ಬ ಹಿಡಿದು ಇಲ್ಲಿಗೆ ಬಂದು ತೊಳೆದು ವಾಪಸ್. ಅಂದರೆ ದಕ್ಷಿಣದ ಮೊದಲ ಸಿನಿಮಾ ಕಣ್ಣು ಬಿಟ್ಟದ್ದು ಬೆಂಗಳೂರಿನ ತಂಪಿನಲ್ಲಿ. ಗಾಂಧಿನಗರದಲ್ಲಿ ಇದನ್ನು ಹೇಳಿದರೆ ಅರ್ಧ ಜನ ನಂಬುವುದಿಲ್ಲ! ಸಿನಿಮಾ ಲಾಭವನ್ನೂ ಮಾಡಿತು. ಆದರೆ ಸ್ಟುಡಿಯೋಗೆ ಬೆಂಕಿ ಬಿತ್ತು, ಮಗ ತೀರಿಕೊಂಡ. 1923ಕ್ಕೆ ಸಾಕು ಅಂದುಬಿಟ್ಟರು.

ಕರ್ನಾಟಕದಲ್ಲಿ ಮೂಕಿಗೆ ಕೈ ಹಾಕಿದವರ ಗತಿ ಇಷ್ಟು ಕೆಟ್ಟದಾಗಲಿಲ್ಲ. ಕಾರಣ ಸರಳ. ಅವರಿಗೆ ಬೇರೆ ಊಟ ಇತ್ತು. ಗುಬ್ಬಿ ವೀರಣ್ಣನವರು 'ಹರಿಮಾಯೆ'ಯಂಥ ಮೂಕಿಗಳಿಗೆ ದುಡ್ಡು ಹಾಕಿದರು, ಆದರೆ ನಾಟಕ ಕಂಪನಿ ಕೈಯಲ್ಲಿತ್ತು. ಶಿವರಾಮ ಕಾರಂತರು ಕೂಡ 1930ರ ಆಸುಪಾಸಿನಲ್ಲಿ 'ಡೊಮಿಂಗೊ', 'ಭೂತರಾಜ್ಯ' ಎಂಬ ಮೂಕಿಗಳನ್ನು ಮಾಡಿದ್ದರು. ಅವರ ಹತ್ತಾರು ಹುಚ್ಚುಗಳಲ್ಲಿ ಅದೂ ಒಂದಾಗಿ ಉಳಿಯಿತು. ಸಿನಿಮಾ ಬಿಟ್ಟರೆ ಬೇರೆ ಗತಿಯಿಲ್ಲ ಅಂದುಕೊಂಡವರು ಮಾತ್ರ ಪೂರ್ತಿ ಮುಳುಗಿದರು.

ಎಲ್ಲವನ್ನೂ ವ್ಯಾಪಾರದ ತಲೆಗೆ ಕಟ್ಟಿದರೂ ತಪ್ಪಾಗುತ್ತದೆ. ಜೆ.ಸಿ. ಡ್ಯಾನಿಯಲ್ ಜಮೀನು ಮಾರಿ ಮಲಯಾಳದ ಮೊದಲ ಸಿನಿಮಾ 'ವಿಗತಕುಮಾರನ್' ಮಾಡಿದರು. ಅದರ ನಾಯಕಿ ಪಿ.ಕೆ. ರೋಸಿ, ದಲಿತ ಹೆಣ್ಣುಮಗಳು. ಪಾತ್ರ ಮೇಲ್ಜಾತಿಯ ನಾಯರ್ ಹೆಂಗಸಿನದು. ತಿರುವನಂತಪುರದ ಕ್ಯಾಪಿಟಲ್ ಚಿತ್ರಮಂದಿರದಲ್ಲಿ ಪರದೆಗೇ ಕಲ್ಲು ಬಿದ್ದವು. ರೋಸಿ ಊರು ಬಿಟ್ಟು ತಮಿಳುನಾಡಿಗೆ ಓಡಿಹೋದರು, ಮತ್ತೆಂದೂ ನಟಿಸಲಿಲ್ಲ. ಡ್ಯಾನಿಯಲ್ ಸಾಲದಲ್ಲಿ ಮುಳುಗಿ, ಆಮೇಲೆ ಹಲ್ಲಿನ ಡಾಕ್ಟರಾಗಿ ಬದುಕಿ 1975ರಲ್ಲಿ ತೀರಿಕೊಂಡರು. ಈಗ ಕೇರಳದ ದೊಡ್ಡ ಸಿನಿಮಾ ಪ್ರಶಸ್ತಿ ಅವರ ಹೆಸರಿನಲ್ಲಿದೆ, ರೋಸಿ ಹೆಸರಿನಲ್ಲಿ ಫಿಲ್ಮ್ ಸೊಸೈಟಿ ಇದೆ. 2023ರ ಫೆಬ್ರವರಿ 10ಕ್ಕೆ ಗೂಗಲ್ ತನ್ನ ಮುಖಪುಟದಲ್ಲಿ ಅವರ ಚಿತ್ರ ಹಾಕಿತು. ಆದರೆ ಅವರು ನಟಿಸಿದ ಒಂದು ಫ್ರೇಮೂ ನೋಡಲಿಕ್ಕೆ ಸಿಗುವುದಿಲ್ಲ.

ಎರಡನೇ ಪೆಟ್ಟು ಇದೇ. ಲೇಖಕ ಬಡವನಾಗಿ ಸತ್ತರೂ ಪುಸ್ತಕ ಎಲ್ಲೋ ಒಂದು ಕಪಾಟಿನಲ್ಲಿ ಇರುತ್ತದೆ. ಮೂಕಿಯವರಿಗೆ ಆ ಭಾಗ್ಯವೂ ಇರಲಿಲ್ಲ. ಆಗಿನ ನೈಟ್ರೇಟ್ ಫಿಲ್ಮ್ ಬೇಗ ಬೆಂಕಿ ಹಿಡಿಯುತ್ತಿತ್ತು, ತಾನಾಗಿಯೇ ಕೊಳೆಯುತ್ತಿತ್ತು. ಮೇಲಿಂದ ಅದರಲ್ಲಿ ಬೆಳ್ಳಿ ಇತ್ತು. ಆಟ ಮುಗಿದ ಸಿನಿಮಾಕ್ಕಿಂತ ಅದರೊಳಗಿನ ಬೆಳ್ಳಿಗೇ ಬೆಲೆ ಹೆಚ್ಚು. ಪುಣೆಯ ರಾಷ್ಟ್ರೀಯ ಫಿಲ್ಮ್ ಸಂಗ್ರಹಾಲಯ ಕಟ್ಟಿದ ಪಿ.ಕೆ. ನಾಯರ್ ಒಂದು ಪ್ರಸಂಗ ಹೇಳುತ್ತಿದ್ದರು. 'ಆಲಂ ಆರಾ' ಮಾಡಿದ ಅರ್ದೇಶಿರ್ ಇರಾನಿ ಅವರನ್ನು ಕಂಡಾಗ, ಒಂದೆರಡು ರೀಲು ಇಲ್ಲೇ ಎಲ್ಲೋ ಇರಬೇಕು ಅಂದರಂತೆ ಇರಾನಿ. ಹೊರಗೆ ಬರುವಾಗ ಅವರ ಮಗ ಮೆಲ್ಲಗೆ ಹೇಳಿದ್ದು, ಅದನ್ನು ಬೆಳ್ಳಿಗಾಗಿ ನಾನೇ ಕೊಟ್ಟುಬಿಟ್ಟೆ ಅಂತ.

ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2013ರಲ್ಲಿ ಲೆಕ್ಕ ಹಾಕಿತು. ಅಲ್ಲಿ ಬಂದ ಸುಮಾರು 11,000 ಪೂರ್ಣಾವಧಿ ಮೂಕಿಗಳಲ್ಲಿ ಮೂಲ ರೂಪದಲ್ಲಿ ಉಳಿದದ್ದು ನೂರಕ್ಕೆ 14. ನಮ್ಮಲ್ಲಿ 1,300ಕ್ಕೂ ಹೆಚ್ಚು ಮೂಕಿಗಳು ಬಂದಿದ್ದವು. ತುಂಡು ತುಣುಕು ಎಲ್ಲ ಸೇರಿಸಿದರೂ ಉಳಿದದ್ದು ನೂರಕ್ಕೆ ಮೂರನ್ನು ಮುಟ್ಟುವುದಿಲ್ಲ. 'ಸತಿ ಸುಲೋಚನಾ' ಮೂಕಿಯೂ ಅಲ್ಲ, ಆದರೂ ಅದರ ಪ್ರಿಂಟೂ ಇಲ್ಲ.

ರೀಲು ಇಲ್ಲದ ಕಡೆ ಜಗಳ ಹುಟ್ಟುತ್ತದೆ. ಭಾರತದ ಮೊದಲ ಸಿನಿಮಾ ಯಾವುದು? ಫಾಲ್ಕೆಗಿಂತ ಒಂದು ವರ್ಷ ಮೊದಲೇ, 1912ರ ಮೇ 18ಕ್ಕೆ, ದಾದಾಸಾಹೇಬ್ ತೋರ್ಣೆ ಅವರ 'ಶ್ರೀ ಪುಂಡಲೀಕ' ಅದೇ ಕಾರೊನೇಷನ್‌ನಲ್ಲಿ ಬಂದಿತ್ತು. ಅದು ನಾಟಕವನ್ನು ಹಾಗೇ ಚಿತ್ರಿಸಿದ್ದು, ಕ್ಯಾಮೆರಾ ಹಿಡಿದವನು ಬ್ರಿಟಿಷ್, ತೊಳೆದದ್ದು ಲಂಡನ್ನಿನಲ್ಲಿ ಅಂತ ಒಂದು ಕಡೆಯವರು. ಮೊದಲು ಬಂದದ್ದು ಮೊದಲೇ ತಾನೇ ಅಂತ ಇನ್ನೊಂದು ಕಡೆಯವರು. ಶತಮಾನೋತ್ಸವದ ಹೊತ್ತಿಗೆ ವಿಷಯ ಕೋರ್ಟಿನ ಮೆಟ್ಟಿಲನ್ನೂ ಹತ್ತಿತು. ನನಗೆ ಈ 'ಮೊದಲಿಗ'ರ ಓಟದಲ್ಲಿ ಆಸಕ್ತಿ ಕಡಿಮೆ. ಪದಕ ಒಬ್ಬರಿಗೆ ಕೊಟ್ಟು ಉಳಿದವರನ್ನು ಮರೆಯುವ ಸುಲಭ ದಾರಿ ಅದು. 1926ರಲ್ಲೇ ನಿರ್ದೇಶನ ಮಾಡಿದ ಫಾತ್ಮಾ ಬೇಗಂ ಬಗ್ಗೆ 'ಭಾರತದ ಮೊದಲ ನಿರ್ದೇಶಕಿ' ಅನ್ನುವ ಒಂದು ಸಾಲು ಬಿಟ್ಟರೆ ಎಷ್ಟು ಜನರಿಗೆ ಏನು ಗೊತ್ತು?

ಹಾಗಂತ ಏನೂ ನಡೆಯುತ್ತಿಲ್ಲ ಅಂತಲ್ಲ. ಹಳೆಯ ಸಿನಿಮಾ ಸರಿಪಡಿಸಲು ಕೇಂದ್ರ ಸರ್ಕಾರ 2022ರಲ್ಲಿ 363 ಕೋಟಿ ರೂಪಾಯಿ ಘೋಷಿಸಿತು. ಫಿಲ್ಮ್ ಹೆರಿಟೇಜ್ ಫೌಂಡೇಷನ್ ಸರಿಪಡಿಸಿದ ನಮ್ಮ 'ಘಟಶ್ರಾದ್ಧ' 2024ರಲ್ಲಿ ವೆನಿಸ್‌ನಲ್ಲಿ ಮತ್ತೆ ತೆರೆ ಕಂಡಿತು. ಆದರೆ ಸರಿಪಡಿಸಲು ಏನಾದರೂ ಕೈಯಲ್ಲಿ ಇರಬೇಕಲ್ಲ.

ಇದೆಲ್ಲ ನೂರು ವರ್ಷದ ಹಿಂದಿನ ಮಾತು ಅಂತ ಬಿಡುವ ಹಾಗಿಲ್ಲ. ಮೀಟರ್ ಲೆಕ್ಕದಲ್ಲಿ ಮಾರುವುದಕ್ಕೂ, ಒಟಿಟಿಗೆ ಒಂದೇ ಏಟಿಗೆ ಎಲ್ಲ ಹಕ್ಕು ಬರೆದುಕೊಡುವುದಕ್ಕೂ ದೊಡ್ಡ ವ್ಯತ್ಯಾಸ ನನಗೆ ಕಾಣುವುದಿಲ್ಲ. ಎಷ್ಟು ಜನ ನೋಡಿದರು ಅನ್ನುವ ಲೆಕ್ಕವೂ ಮಾಡಿದವನ ಕೈಗೆ ಸಿಗುವುದಿಲ್ಲ. 2022ರಲ್ಲಿ ಹಾಲಿವುಡ್‌ನ 'ಬ್ಯಾಟ್‌ಗರ್ಲ್' ಸಿನಿಮಾವನ್ನು ಕಂಪನಿ ತೆರಿಗೆ ಲೆಕ್ಕಾಚಾರಕ್ಕೆ ಬಿಡುಗಡೆ ಮಾಡದೆ ಕಟ್ಟಿಟ್ಟಿತು. ಸುದ್ದಿ ಗೊತ್ತಾದ ಮೇಲೆ ನಿರ್ದೇಶಕರು ಫೋನಿನಲ್ಲಾದರೂ ತೆಗೆದಿಟ್ಟುಕೊಳ್ಳೋಣ ಅಂತ ಸರ್ವರ್ ತೆರೆದರೆ ಅಲ್ಲಿ ಏನೂ ಸಿಗಲಿಲ್ಲ. ಇತ್ತ ಕನ್ನಡದಲ್ಲಿ ರಕ್ಷಿತ್ ಶೆಟ್ಟಿ ಅವರ 'ಏಕಂ' ಸರಣಿಯನ್ನು ಯಾವ ಒಟಿಟಿಯೂ ಕೊಳ್ಳದೆ, 2024ರ ಜುಲೈನಲ್ಲಿ ಅವರು ತಮ್ಮದೇ ವೆಬ್‌ಸೈಟ್ ಮಾಡಿ ಬಿಡುಗಡೆ ಮಾಡಬೇಕಾಯಿತು. ಹೆಸರು ಇರುವವರು ದಾರಿಯನ್ನೂ ಕಟ್ಟಬಹುದು. ಹೊಸಬರು ಏನು ಮಾಡಬೇಕು?

ನನ್ನ ಗೆಳೆಯನೊಬ್ಬ ಕೆಲವು ವರ್ಷದ ಹಿಂದೆ ಒಂದು ಚಿಕ್ಕ ಸಿನಿಮಾ ಮಾಡಿದ. ಒಟಿಟಿಯೊಂದಕ್ಕೆ ಹಕ್ಕೆಲ್ಲ ಬರೆದುಕೊಟ್ಟಿದ್ದ. ಒಪ್ಪಂದದ ಅವಧಿ ಮುಗಿದ ಮೇಲೆ ಆ ಕಡೆಯವರು ಅದನ್ನು ಅಲ್ಲಿಂದ ತೆಗೆದುಹಾಕಿದರು. ಮಾಸ್ಟರ್ ಕಾಪಿ ಇದ್ದ ಹಾರ್ಡ್ ಡಿಸ್ಕ್ ಒಂದು ದಿನ ಟಿಕ್ ಟಿಕ್ ಅಂತ ಸದ್ದು ಮಾಡಿ ನಿಂತಿತು. ಎಡಿಟಿಂಗ್ ಮಾಡಿದ ಕಡೆ ಕೇಳಿದರೆ, ಜಾಗ ಸಾಲದೆ ಅಳಿಸಿದೆವು ಅಂದರು. ಕೊನೆಗೆ ಸಿಕ್ಕಿದ್ದು ಟೆಲಿಗ್ರಾಂನಲ್ಲಿ. ಯಾರೋ ಕದ್ದು ಹಾಕಿದ್ದ ಪ್ರತಿ, ಮೂಲೆಯಲ್ಲಿ ಜೂಜಿನ ಆ್ಯಪ್ ಒಂದರ ಜಾಹೀರಾತು ಸಮೇತ. ಸಿನಿಮಾ ಬಂದಾಗ ಆ ಗುಂಪಿನ ಮೇಲೆ ದೂರು ಕೊಡಲು ಓಡಾಡಿದವನು ಅವನೇ. ಈಗ ಅದನ್ನೇ ಡೌನ್‌ಲೋಡ್ ಮಾಡಿ ಮೂರು ಕಡೆ ಇಟ್ಟುಕೊಂಡಿದ್ದಾನೆ.